ಗಂಗರತ್ನ ಕರೆದರೆ ಬರುತ್ತಿದ್ದರು

ನನ್ನ ಜಾಗಕ್ಕೆ ಹೊಸದಾಗಿ ಬಂದಿರುವ ಹುಡುಗಿ ಹೋದ ತಿಂಗಳು ಮಾಲೂರಿನ ನಮ್ಮ ಮನೆಗೆ ಬಂದಿದ್ದಳು. ಕಾಫಿ ಕುಡಿಯುತ್ತಾ, "ಆಂಟಿ, ಕೊರೊನಾ ಲಸಿಕೆ ಟೈಮಲ್ಲಿ ಹೆಂಗಿತ್ತು? ನಾವಾಗ ಇನ್ನೂ ನರ್ಸಿಂಗ್ ಓದ್ತಿದ್ವಿ" ಎಂದು ಕೇಳಿದಳು. ನನ್ನ ನಿವೃತ್ತಿಯ ಬೀಳ್ಕೊಡುಗೆಯ ದಿನ ಮೈಕಿನಲ್ಲಿ ಹೇಳಿದ್ದನ್ನೇ ಅವಳಿಗೂ ಹೇಳಿದೆ. ಕಷ್ಟವಿತ್ತು, ಎಲ್ಲರೂ ಸೇರಿ ಮಾಡಿದೆವು, ಜನ ಸಹಕರಿಸಿದರು. ಅವಳು ತಲೆಯಾಡಿಸಿ ಹೊರಟಳು. ಗೇಟು ದಾಟಿದ ಮೇಲೆ ನನಗೇ ನಾಚಿಕೆಯಾಯಿತು. ಇದೇ ಕೆಲಸಕ್ಕೆ ಬಂದವಳಿಗೆ ಅಂಥ ಮಾತಿನಿಂದ ಏನು ಉಪಯೋಗ? ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯಲು ಕೂತಿದ್ದೇನೆ. ಇದರಲ್ಲಿ ನಾನು ಒಳ್ಳೆಯವಳಾಗಿ ಕಾಣುವುದಿಲ್ಲ.

ನನ್ನ ಹೆಸರು ಯಶೋದಮ್ಮ. ಮೂವತ್ತೇಳು ವರ್ಷ ಆರೋಗ್ಯ ಇಲಾಖೆಯಲ್ಲಿ ಕಿರಿಯ ಆರೋಗ್ಯ ಸಹಾಯಕಿಯಾಗಿದ್ದೆ. ಕಾಗದದ ಮೇಲೆ ಅಷ್ಟುದ್ದದ ಹೆಸರು, ಊರವರ ಬಾಯಲ್ಲಿ ಬರೀ ಸಿಸ್ಟರು. ತುಂಬಾ ವಯಸ್ಸಾದವರು ನರ್ಸಮ್ಮ ಎನ್ನುತ್ತಿದ್ದರು.

ಮೊದಲು ನನ್ನನ್ನು ಹಾಕಿದ್ದು ಮುಳಬಾಗಿಲು ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಒಂದು ಊರಿಗೆ. ನನಗಾಗ ಇಪ್ಪತ್ತೆರಡು ವರ್ಷ, ತೆಲುಗು ಒಂದಕ್ಷರ ಬಾರದು. ಗಾಜಿನ ಸಿರಿಂಜುಗಳನ್ನು ಅಂಗನವಾಡಿಯ ಸೀಮೆಎಣ್ಣೆ ಸ್ಟೋವಿನ ಮೇಲೆ ಕುದಿಸಿ, ಇಕ್ಕಳದಲ್ಲಿ ಎತ್ತಿ ಆರಲು ಇಡುತ್ತಿದ್ದ ಕಾಲ ಅದು. ಮೊದಲ ವಾರವೇ ಎಡವಟ್ಟು ಮಾಡಿಕೊಂಡೆ. ಒಂದು ಕೂಸಿಗೆ ಡಿಪಿಟಿ ಲಸಿಕೆ ಚುಚ್ಚಿದೆ, ಜ್ವರ ಬರುತ್ತದೆ ಎಂದು ತಾಯಿಗೆ ಹೇಳಲಿಲ್ಲ. ಹೇಳಿದರೆ ಎಲ್ಲಿ ಎದ್ದು ಹೋಗುತ್ತಾಳೋ ಎಂಬ ಹೆದರಿಕೆ. ಮಾರನೆಯ ಬೆಳಿಗ್ಗೆ ಆಕೆ ಕೆಂಡದಂತೆ ಸುಡುತ್ತಿದ್ದ ಕೂಸನ್ನು ತಂದು ನನ್ನ ಮೇಜಿನ ಮೇಲೇ ಮಲಗಿಸಿ, "ನಾ ಬಿಡ್ಡನಿ ಚಂಪೇಸ್ತಾವಾ?" ಎಂದು ಕಿರುಚಿದಳು. ನನ್ನ ಮಗುವನ್ನು ಕೊಂದುಬಿಡುತ್ತೀಯಾ ಎಂದು ಕೇಳುತ್ತಿದ್ದಾಳೆ ಎಂಬುದು ಭಾಷೆ ಬಾರದಿದ್ದರೂ ತಿಳಿಯಿತು. ಮಗು ಎರಡು ದಿನಕ್ಕೆ ಸರಿಹೋಯಿತು. ಆ ತಾಯಿ ಮಾತ್ರ ಮತ್ತೆ ನನ್ನ ಹತ್ತಿರ ಬರಲಿಲ್ಲ. ಅಂದಿನಿಂದ ಜ್ವರದ ವಿಷಯವನ್ನು ಮೊದಲೇ ಹೇಳುವುದನ್ನು ಕಲಿತೆ, ನನ್ನ ಕೈಕೆಳಗೆ ಬಂದವರಿಗೂ ಕಲಿಸಿದೆ.

ಆಮೇಲೆ ಶ್ರೀನಿವಾಸಪುರದ ಮಾವಿನ ತೋಪುಗಳ ನಡುವೆ ಹನ್ನೊಂದು ವರ್ಷ ಕೆಲಸ ಮಾಡಿ, ಮಾಲೂರು ತಾಲ್ಲೂಕಿಗೆ ಬಂದೆ. ಶಿವಾರಪಟ್ಟಣ, ಲಕ್ಕೂರು ಕಡೆಯ ಒಂಬತ್ತು ಹಳ್ಳಿಗಳು ನನ್ನ ಪಾಲಿಗೆ ಬಂದವು. ಅಲ್ಲಿ ಹದಿನೆಂಟು ವರ್ಷ ಕಳೆದ ಮೇಲೆ ನನಗೆ ಒಂದು ಜಂಬ ಬೆಳೆದಿತ್ತು. ಈ ಒಂಬತ್ತು ಹಳ್ಳಿಯಲ್ಲಿ ನನ್ನ ಸೂಜಿಗೆ ಬೇಡವೆನ್ನುವವರು ಇಲ್ಲ ಎಂದು ಮೀಟಿಂಗುಗಳಲ್ಲಿ ಹೇಳಿಕೊಳ್ಳುತ್ತಿದ್ದೆ. ಅದು ಸುಳ್ಳೂ ಆಗಿರಲಿಲ್ಲ.

ಗಂಗರತ್ನ ಆಶಾ ಕಾರ್ಯಕರ್ತೆಯಾಗಿ ಬಂದದ್ದು ಅಲ್ಲಿಯೇ. ಹತ್ತನೇ ತರಗತಿ ಓದಿದ್ದವಳು. ಗಂಡನ ಮನೆಯವರು ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಮೇಯಿಸುವವರು. ಬಂದ ಹೊಸದರಲ್ಲಿ ರಿಜಿಸ್ಟರಿನ ಮೇಲೆ ಗೆರೆ ಎಳೆಯಲೂ ಬರುತ್ತಿರಲಿಲ್ಲ. ಗರ್ಭಿಣಿಯ ಕಾರ್ಡು ತುಂಬುವುದು, ಕೂಸಿನ ತೊಡೆಯನ್ನು ಅಲುಗದಂತೆ ಹಿಡಿಯುವುದು, ಬಾಗಿಲು ತೆರೆಯದ ಮನೆಯ ಮುಂದೆ ಸುಮ್ಮನೆ ನಿಂತು ಕಾಯುವುದು, ಎಲ್ಲವನ್ನೂ ನಾನೇ ಹೇಳಿಕೊಟ್ಟೆ. ಅವಳು ನನ್ನ ಚೀಲ ಹೊತ್ತು ಹಿಂದೆ ನಡೆಯುತ್ತಿದ್ದಳು. ಹತ್ತು ವರ್ಷ ಹಾಗೇ ನಡೆದೆವು. ನನಗೆ ಅವಳ ಮೇಲೆ ನಿಜಕ್ಕೂ ಪ್ರೀತಿಯಿತ್ತು.

ಕೊರೊನಾ ಲಸಿಕೆ ಬಂದಾಗ ಮೊದಲು ಆಸ್ಪತ್ರೆಯ ನೌಕರರಾದ ನಮಗೇ ಹಾಕಿದರು. ಮುಂದಿನ ಸರದಿ ಊರಿನ ಹಿರಿಯರದು. ಶಾಲೆಯಲ್ಲಿ ಮೇಜು ಹಾಕಿ, ಲಸಿಕೆಯ ತಣ್ಣನೆಯ ಡಬ್ಬಿ ಇಟ್ಟುಕೊಂಡು ಕೂತೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಬಂದವರು ಇಬ್ಬರೇ, ನಿವೃತ್ತ ಮೇಷ್ಟ್ರು ಮತ್ತು ಅವರ ಹೆಂಡತಿ. ಒಂದು ಸೀಸೆಯಲ್ಲಿ ಹತ್ತು ಜನರಿಗಾಗುವಷ್ಟು ಔಷಧಿ ಇರುತ್ತದೆ. ಮುಚ್ಚಳಕ್ಕೆ ಸೂಜಿ ತಾಗಿಸಿದ ಮೇಲೆ ನಾಲ್ಕೇ ಗಂಟೆ ಅದರ ಆಯುಷ್ಯ. ಇಬ್ಬರಿಗಾಗಿ ಅದನ್ನು ತೆರೆದರೆ ಎಂಟು ಜನರ ಪಾಲು ಚರಂಡಿಗೆ. ಮೇಷ್ಟ್ರನ್ನು ಕೈಮುಗಿದು ಕಳಿಸಿಕೊಟ್ಟೆ.

ಮಾರನೆಯ ದಿನ ಮನೆಮನೆಗೆ ಹೋದೆ. ನನ್ನನ್ನು ದೂರದಿಂದ ಕಂಡು ಬಾಗಿಲು ಹಾಕಿಕೊಂಡರು. ಕೆಲವರು ಟೊಮೆಟೊ ತೋಟದೊಳಗೆ ನುಗ್ಗಿ ಕೂತರು, ಕಡ್ಡಿ ಕಟ್ಟಿದ ಗಿಡಗಳ ಸಂದಿಯಲ್ಲಿ ಅವರ ತಲೆ ಕಾಣುತ್ತಿತ್ತು. ಪಿಳ್ಳಪ್ಪ ಎಂಬ ಐವತ್ತು ದಾಟಿದ ಗಂಡಸು ಜಗಲಿಯ ಮೇಲೆ ನಿಂತು, "ಅದನ್ನ ಹಾಕಿಸ್ಕೊಂಡೋರು ಎರಡು ವರ್ಷಕ್ಕೆ ಹೋಗ್ಬಿಡ್ತಾರಂತೆ. ನಿಮಗೆ ಬೇಕಾದ್ರೆ ಇನ್ನೊಂದು ಹಾಕಿಸ್ಕೊಳ್ಳಿ ಸಿಸ್ಟ್ರೇ, ನನ್ನ ಪಾಲೂ ನಿಮಗೇ" ಎಂದು ನಕ್ಕ. ಮೊಮ್ಮಕ್ಕಳಿಗೆಲ್ಲ ನನ್ನ ಕೈಯಲ್ಲೇ ಲಸಿಕೆ ಹಾಕಿಸಿದ್ದ ಒಬ್ಬ ಅಜ್ಜಿ, "ನಾಕೇಮೀ ಕಾಲೇದಮ್ಮಾ, ನಾಕೆಂದುಕು ಸೂದಿ? ನನಗೇನೂ ಆಗಿಲ್ಲ, ನನಗ್ಯಾಕೆ ಸೂಜಿ?" ಎಂದು ತೆಲುಗಿನಲ್ಲೂ ಕನ್ನಡದಲ್ಲೂ ಹೇಳಿ ಸೆರಗಿನಲ್ಲಿ ತೋಳು ಮುಚ್ಚಿಕೊಂಡಳು.

"ಏನೂ ಆಗಲ್ಲ ಅಜ್ಜಿ, ಇರುವೆ ಕಚ್ಚಿದಂಗೆ" ಎಂದೆ. ದಿನಕ್ಕೆ ನೂರು ಸಲ ಅದನ್ನೇ ಹೇಳುತ್ತಿದ್ದೆ. ಏನೂ ಆಗಲ್ಲ. ಯಾರೂ ನಂಬಲಿಲ್ಲ.

ಒಂದು ವಾರದ ಮೇಲೆ ಗಂಗರತ್ನ ತನ್ನ ಕೇರಿಯಿಂದ ಹತ್ತು ಜನರನ್ನು ಕರೆದುಕೊಂಡು ಶಾಲೆಗೆ ಬಂದಳು. ಅದೇ ಅಜ್ಜಿ ಎಲ್ಲರಿಗಿಂತ ಮುಂದೆ ನಿಂತಿದ್ದಳು. ನಾನು ಖುಷಿಯಿಂದಲೇ ಸೀಸೆ ತೆರೆದೆ. ಹತ್ತು ಜನರೂ ಹೋದ ಮೇಲೆ ಕೇಳಿದೆ, "ಹೆಂಗೆ ಒಪ್ಪಿಸ್ದೆ?"

"ಒಪ್ಪಿಸ್ಲಿಲ್ಲ ಸಿಸ್ಟರ್. ಸೊಪ್ಪು ಬಿಡಿಸ್ತಾ ಕೂತಿದ್ರು, ನಾನೂ ಜೊತೇಲಿ ಬಿಡಿಸ್ದೆ. ನನಗೆ ಎರಡು ದಿನ ಜ್ವರ ಬಂತು, ಕೈ ಎತ್ತಕ್ಕಾಗ್ಲಿಲ್ಲ, ಅತ್ತೆ ಕೈಲಿ ಬೈಸ್ಕೊಂಡು ಮಲಗಿದ್ದೆ ಅಂತ ಹೇಳ್ದೆ. ನಿಮಗೂ ಬರ್ತದೆ, ಬಂದ್ರೆ ಮಾತ್ರೆ ತರ್ತೀನಿ, ಮಾರನೇ ದಿನ ಬಂದು ನೋಡ್ತೀನಿ ಅಂದೆ. ಜ್ವರ ಬರೋದನ್ನ ಮುಂಚೇನೆ ಹೇಳ್ಬಿಡ್ಬೇಕು ಅಂತ ನೀವೇ ಅಲ್ವಾ ಹೇಳ್ಕೊಟ್ಟಿದ್ದು?"

ಹೌದು, ನಾನೇ. ನನ್ನಿಂದ ಕಲಿತದ್ದು ಅವಳಿಗೆ ನೆನಪಿತ್ತು, ನನಗೆ ಮರೆತಿತ್ತು. ಅವಳು ಅದನ್ನು ಚುಚ್ಚಲೆಂದು ಹೇಳಲಿಲ್ಲ. ಆದರೂ ಅಂದಿನಿಂದ ನನ್ನೊಳಗೆ ಏನೋ ಕೆಟ್ಟಿತು.

ಆಮೇಲೆ ಪ್ರತಿಯೊಂದೂ ಕಣ್ಣಿಗೆ ಬೀಳತೊಡಗಿತು. ಹೆಸರುಗಳನ್ನು ಈಗ ಮೊಬೈಲಿನಲ್ಲಿ ಹತ್ತಿಸಬೇಕಿತ್ತು. ನಾನು ಕನ್ನಡಕ ಏರಿಸಿ ಒಂದೊಂದೇ ಅಕ್ಷರ ಹುಡುಕುವಷ್ಟರಲ್ಲಿ ಒಟಿಪಿಯ ಸಮಯ ಮುಗಿಯುತ್ತಿತ್ತು. ಗಂಗರತ್ನ ಎರಡು ಹೆಬ್ಬೆರಳಲ್ಲಿ ಟಕಟಕನೆ ಹೊಡೆದು ಮುಗಿಸುತ್ತಿದ್ದಳು. ನಾನು ಕೂಗಿದರೆ ಆಮೇಲೆ ಬರುತ್ತೇವೆ ಎನ್ನುವ ಜನ, ಅವಳು ಬೀದಿಯ ತುದಿಯಲ್ಲಿ ನಿಂತು "ಅಕ್ಕಾ, ಬನ್ನಿ" ಎಂದರೆ ಕೈ ತೊಳೆದುಕೊಂಡು ಬರುತ್ತಿದ್ದರು. ಚುಚ್ಚುವವಳು ನಾನು, ಜ್ವರ ಬಂದರೆ ಫೋನು ಅವಳಿಗೆ. ಬಾಯಿತುಂಬ ಹೊಗಳಿಕೆಯೂ ಅವಳಿಗೇ.

ತಿಂಗಳ ಮೀಟಿಂಗಿನಲ್ಲಿ ನಮ್ಮ ಆರೋಗ್ಯ ಕೇಂದ್ರದ ಡಾಕ್ಟರು ಅವಳನ್ನು ಎಬ್ಬಿಸಿ ನಿಲ್ಲಿಸಿ ಚಪ್ಪಾಳೆ ಹೊಡೆಸಿದರು. ಅವರು ನನ್ನ ಮಗನ ವಯಸ್ಸಿನವರು, ಒಳ್ಳೆಯ ಮನುಷ್ಯ. ಚಪ್ಪಾಳೆ ಮುಗಿದ ಮೇಲೆ ನನ್ನ ಕಡೆ ತಿರುಗಿ, "ಯಶೋದಮ್ಮನೋರೆ, ಗಂಗರತ್ನ ಮನೆಗಳಲ್ಲಿ ಹೆಂಗೆ ಮಾತಾಡ್ತಾರೆ ಅಂತ ಒಂದೆರಡು ದಿನ ಜೊತೇಲಿದ್ದು ನೋಡಿ. ಬೇರೆ ಹಳ್ಳೀಲೂ ಹಂಗೇ ಮಾಡಬಹುದು" ಎಂದರು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ಆದರೆ ಹತ್ತು ವರ್ಷ ನನ್ನ ಚೀಲ ಹೊತ್ತವಳ ಹಿಂದೆ ನಾನು ನಡೆಯಬೇಕೆ? ಅಲ್ಲಿದ್ದ ಹತ್ತಾರು ಹೆಂಗಸರು ನನ್ನ ಮುಖವನ್ನೇ ನೋಡುತ್ತಿದ್ದಾರೆ ಅನಿಸಿತು. ಹಂಚಿದ ಬಿಸ್ಕತ್ತನ್ನು ಹಾಗೇ ಚೀಲಕ್ಕೆ ಹಾಕಿಕೊಂಡೆ.

ಮನೆಗೆ ಹೋಗಿ ಗಂಡನಿಗೆ ಹೇಳಿದೆ. ಅವರು ಪೇಪರಿನಿಂದ ತಲೆ ಎತ್ತದೆ, "ಅವಳು ಚೆನ್ನಾಗಿ ಮಾಡಿದ್ರೆ ನಿನಗೂ ಒಳ್ಳೇದಲ್ವೇ?" ಎಂದರು. ಆ ದಿನ ಅವರ ಮೇಲೂ ಸಿಟ್ಟು ಬಂತು.

ಸಣ್ಣಸಣ್ಣ ಕೇಡು ಶುರು ಮಾಡಿದೆ. ಬಸ್ಸಿಲ್ಲದ ಹಳ್ಳಿಗೆ ಅವಳನ್ನೇ ಕಳಿಸುವುದು. ಹತ್ತು ನಿಮಿಷ ತಡವಾದರೂ ಎಲ್ಲರ ಮುಂದೆ ಕೇಳುವುದು. ಅವಳು ಬರೆದ ಪಟ್ಟಿಯಲ್ಲಿ ಕಾಗುಣಿತದ ತಪ್ಪು ಹುಡುಕಿ ಕೆಂಪು ಪೆನ್ನಿನಲ್ಲಿ ಸುತ್ತುವುದು. ಗಂಗರತ್ನ ಏನೂ ಅನ್ನಲಿಲ್ಲ. "ಸರಿ ಸಿಸ್ಟರ್" ಎಂದು ತಿದ್ದಿಕೊಂಡು ಬರುತ್ತಿದ್ದಳು. ಅದೂ ನನಗೆ ಉರಿಯಾಗುತ್ತಿತ್ತು.

ನಮ್ಮ ಒಂಬತ್ತು ಹಳ್ಳಿಗಳಲ್ಲಿ ಶಿವಾರಪಟ್ಟಣದ ಮಗ್ಗುಲಿನ ಒಂದು ಸಣ್ಣ ಊರಿದೆ. ಅಲ್ಲಿ ಒಂದು ಓಣಿಯ ತುಂಬ ಕಲ್ಲಿನ ವಿಗ್ರಹ ಕೆತ್ತುವವರು. ಬೆಳಗಾದರೆ ಉಳಿ, ಸುತ್ತಿಗೆ, ಈಗ ಕಲ್ಲು ಕೊಯ್ಯುವ ಮಿಷನ್ನು. ದೂಳಿಗೆ ಬಾಗಿಲ ಮುಂದಿನ ತುಳಸಿಯೂ ಬೆಳ್ಳಗೆ ಕಾಣುತ್ತದೆ. ಹಿರಿಯರಲ್ಲಿ ಎಷ್ಟೋ ಜನರಿಗೆ ಉಸಿರಿನ ತೊಂದರೆ. ಈ ಕಾಯಿಲೆ ಬಂದರೆ ತಡೆದುಕೊಳ್ಳಲಾರದ ಜನ ಅವರು. ಅವರಿಗೆಲ್ಲ ಹಿರಿಯ ಮುನಾಚಾರ್ರು, ಅರವತ್ತೆಂಟು ವರ್ಷ. ಅವರು ಬೇಡ ಎಂದರೆ ಓಣಿಗೇ ಬೇಡ. ನಾನು ಮೂರು ಸಲ ಹೋಗಿ ಕೇಳಿದ್ದೆ. ಮೂರು ಸಲವೂ ಉಳಿ ನಿಲ್ಲಿಸದೆ, ತಲೆ ಅಡ್ಡ ಆಡಿಸಿ ಕಳಿಸಿದ್ದರು.

ಯುಗಾದಿ ಕಳೆದ ಮೇಲೆ ಒಂದು ಸೋಮವಾರ ಗಂಗರತ್ನ ನಾನು ಕೂರುವ ಆರೋಗ್ಯ ಉಪಕೇಂದ್ರಕ್ಕೆ ಓಡಿ ಬಂದಳು. ಮುಖ ಅರಳಿತ್ತು. "ಸಿಸ್ಟರ್, ಮುನಾಚಾರ್ರು ಒಪ್ಕೊಂಡ್ರು! ಗುರುವಾರ ಹಾಕಿಸ್ಕೊಳ್ತಾರಂತೆ. ಹದಿನಾಲ್ಕು ಜನ ಆಗ್ತಾರೆ. ಶಾಲೆಗೆ ಬರಲ್ಲ, ಓಣಿಗೇ ಬನ್ನಿ ಅಂದ್ರು."

"ಆಗ್ಲಿ, ಬರ್ತೀನಿ" ಎಂದೆ. ಹೇಗೆ ಒಪ್ಪಿಸಿದೆ ಎಂದು ಕೇಳಲಿಲ್ಲ. ಕೇಳಿದರೆ ಅವಳು ಹೇಳುತ್ತಿದ್ದಳು, ಅದನ್ನು ಕೇಳಿಸಿಕೊಳ್ಳುವ ಶಕ್ತಿ ನನಗಿರಲಿಲ್ಲ.

ಗುರುವಾರ ಬೆಳಿಗ್ಗೆ ಆರೋಗ್ಯ ಕೇಂದ್ರಕ್ಕೆ ಲಸಿಕೆ ಕಡಿಮೆ ಬಂದಿತ್ತು. ನನಗೆ ಎರಡು ಸೀಸೆ ಕೊಟ್ಟು, ಎಲ್ಲಿಗೆ ಒಯ್ಯಬೇಕೋ ನೀವೇ ನೋಡಿಕೊಳ್ಳಿ ಎಂದರು. ಎರಡು ಸೀಸೆ ಎಂದರೆ ಇಪ್ಪತ್ತು ಜನ, ಓಣಿಯ ಹದಿನಾಲ್ಕು ಮಂದಿಗೆ ಧಾರಾಳ. ಆದರೆ ಲಕ್ಕೂರಿನ ಕಡೆಯ ಒಂದು ಹಳ್ಳಿಯಲ್ಲಿ, ಫ್ಯಾಕ್ಟರಿ ಕೆಲಸಕ್ಕೆ ಹೋಗುವವರ ಮನೆಗಳಲ್ಲಿ, ಲಸಿಕೆ ಬೇಕೆಂದು ಆಗಲೇ ಕೇಳತೊಡಗಿದ್ದರು. ಆಟೊ ಹತ್ತಿ ಡ್ರೈವರಿಗೆ ಲಕ್ಕೂರಿನ ಕಡೆ ಎಂದೆ. ಕೇಳುವ ಜನರಿದ್ದಲ್ಲಿಗೆ ಹೋಗುವುದು ತಪ್ಪೇ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ಯಾರಾದರೂ ಕೇಳಿದರೆ ಕೊಡಲು ಆ ಕಾರಣ ಸಾಕಾಗಿತ್ತು. ನಿಜವಾದ ಕಾರಣ ನನಗೆ ಗೊತ್ತಿತ್ತು. ನನಗೆ ಮೂರು ಸಲ ಇಲ್ಲವೆಂದ ಓಣಿ ಅವಳ ಮಾತಿಗೆ ಸಾಲಾಗಿ ಕೂರುವುದನ್ನು ನನ್ನ ಕಣ್ಣಿಂದ ನೋಡಲು ನನಗಿಷ್ಟವಿರಲಿಲ್ಲ.

ಹನ್ನೊಂದು ಗಂಟೆಗೆ ಫೋನು ಬಡಿಯಿತು. ಗಂಗರತ್ನಳ ಹೆಸರು. ಚೀಲದೊಳಗೆ ಹಾಕಿದೆ. ಹನ್ನೆರಡಕ್ಕೆ ಮತ್ತೆ, ಒಂದಕ್ಕೆ ಮತ್ತೆ. ಸಾಲಿನಲ್ಲಿ ಕೂತಿದ್ದ ಹೆಂಗಸೊಬ್ಬಳು, "ಸಿಸ್ಟರ್, ನಿಮ್ಮ ಫೋನು" ಎಂದಳು. "ಕೆಲಸದ ಟೈಮಲ್ಲಿ ಎತ್ತಲ್ಲಮ್ಮ" ಎಂದೆ.

ಓಣಿಯಲ್ಲಿ ಏನಾಯಿತು ಎಂಬುದನ್ನು ಆಮೇಲೆ ಬೇರೆಯವರಿಂದ ಕೇಳಿದೆ. ಹದಿನಾಲ್ಕು ಜನರೂ ಅಂದು ಕೆಲಸ ನಿಲ್ಲಿಸಿ, ಸ್ನಾನ ಮಾಡಿ, ತಿಂಡಿ ತಿಂದು, ಕಲ್ಲು ಕೆತ್ತುವ ಚಪ್ಪರದ ಕೆಳಗೆ ಬೆಂಚು ಹಾಕಿಕೊಂಡು ಕೂತಿದ್ದರು. ಎರಡು ಗಂಟೆಯವರೆಗೂ ಕಾದರು. ಕೊನೆಗೆ ಮುನಾಚಾರ್ರು ಎದ್ದು, "ಅವ್ರಿಗೆ ನಾವು ಬ್ಯಾಡ ಅಂದ್ಮೇಲೆ ನಮಗೂ ಅವ್ರು ಬ್ಯಾಡ. ನಡೀರಿ, ಕೆಲಸ ನೋಡೋಣ" ಎಂದರಂತೆ. ಆಗ ಗಂಗರತ್ನ ಕೈಮುಗಿದು, "ಸಿಸ್ಟರದ್ದು ಏನೂ ಇಲ್ಲ ಆಚಾರ್ರೇ. ತಪ್ಪು ನಂದೇ. ನಾನೇ ದಿನ ತಪ್ಪು ಹೇಳ್ಬಿಟ್ಟೆ" ಎಂದಳಂತೆ. "ನಿನ್ನ ಮಾತು ಕೇಳಿ ಅರ್ಧ ದಿನ ಕೂತ್ವಲ್ಲಮ್ಮ" ಎಂದು ಅವರು ಮುಖ ತಿರುಗಿಸಿದರಂತೆ.

ಇದನ್ನು ಕೇಳಿದಾಗ ನನಗೆ ಆದದ್ದನ್ನು ಮುಚ್ಚಿಡುವುದಿಲ್ಲ. ಮೊದಲು ಆದದ್ದು ಸಂತೋಷ. ಇನ್ನು ಆ ಓಣಿಯಲ್ಲಿ ಅವಳ ಮಾತೂ ನಡೆಯುವುದಿಲ್ಲ ಎಂಬ ಸಂತೋಷ. ಅದು ಒಂದು ದಿನ ಪೂರ್ತಿ ಇತ್ತು.

ಎರಡನೆಯ ಅಲೆ ನಮ್ಮ ಕಡೆ ಜೋರಾದದ್ದು ಅದಾದ ಕೆಲವೇ ದಿನಗಳಲ್ಲಿ. ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಗಂಗರತ್ನ ಫೋನು ಮಾಡಿದಳು. ಈ ಸಲ ಎತ್ತಿದೆ.

"ಸಿಸ್ಟರ್, ಮುನಾಚಾರ್ರಿಗೆ ಉಸಿರು ಸಿಗ್ತಿಲ್ಲ. ಬೆರಳಿಗೆ ಹಾಕೋ ಆಕ್ಸಿಜನ್ ಮಿಷನ್ನು ಎಪ್ಪತ್ತೆಂಟು ತೋರಿಸ್ತಿದೆ. ಆಸ್ಪತ್ರೆಗೆ ಬರಲ್ಲ ಅಂತಾವ್ರೆ."

ನಾನು ಹೋಗುವಷ್ಟರಲ್ಲಿ ಅವಳು ಆಂಬುಲೆನ್ಸಿಗೆ ಹೇಳಿ, ಅವರನ್ನು ಗೋಡೆಗೆ ಒರಗಿಸಿ ಕೂರಿಸಿದ್ದಳು. ಹೆಂಡತಿ ಪಾಪಮ್ಮ ಬೆನ್ನು ನೀವುತ್ತಿದ್ದರು. ಮಗ ಶಿವಣ್ಣ ಬಾಗಿಲಲ್ಲಿ ನಿಂತಿದ್ದ. ನನ್ನನ್ನು ಕಂಡು ಮುನಾಚಾರ್ರು ಉಸಿರೆಳೆದುಕೊಳ್ಳುತ್ತಾ ಹೇಳಿದರು, "ಆವತ್ತು... ನೀವು ಬರ್ತೀರ ಅಂತ... ಒಗೆದ ಶರ್ಟು ಹಾಕ್ಕೊಂಡು ಕೂತಿದ್ದೆ ಕಣಮ್ಮ."

ಬೈಗುಳದ ದನಿಯಲ್ಲ. ಸುಮ್ಮನೆ ಒಂದು ವಿಷಯ ತಿಳಿಸುವ ಹಾಗೆ ಹೇಳಿದರು. ಗಂಗರತ್ನ ಅವರ ಕೈ ಹಿಡಿದು, "ನಾನೂ ಜೊತೇಲಿ ಬರ್ತೀನಿ ಆಚಾರ್ರೇ, ಏಳಿ" ಎಂದಳು. ಎದ್ದರು. ಅವಳ ಹೆಗಲ ಮೇಲೆ ಕೈ ಹಾಕಿಯೇ ಆಂಬುಲೆನ್ಸ್ ಹತ್ತಿದರು. ಅಂಥ ಹೊತ್ತಿನಲ್ಲೂ ನನ್ನ ಕಣ್ಣು ಆ ಕೈಯ ಮೇಲೇ ಇತ್ತು. ಇವರೂ ಅವಳ ಮಾತೇ ಕೇಳಿದರಲ್ಲ ಎಂದಿತು ಮನಸ್ಸು. ಹೊಟ್ಟೆಕಿಚ್ಚಿಗೆ ಹೊತ್ತುಗೊತ್ತು ಇರುವುದಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಆರನೆಯ ದಿನ ಮುನಾಚಾರ್ರು ತೀರಿಕೊಂಡರು. ಓಣಿಯವರಿಗೆ ಮುಖ ನೋಡಲೂ ಸಿಗಲಿಲ್ಲ.

ನಾನು ನಮ್ಮ ಡಾಕ್ಟರ ಹತ್ತಿರ ಹೋಗಿ ಎಲ್ಲವನ್ನೂ ಹೇಳಿದೆ. ಎರಡು ಸೀಸೆ, ಲಕ್ಕೂರಿನ ದಾರಿ, ಎತ್ತದ ಫೋನು. ಅವರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಆಮೇಲೆ, "ಒಂದು ಡೋಸು ಹತ್ತು ದಿನದಲ್ಲಿ ಅಷ್ಟೇನೂ ಕಾಪಾಡ್ತಿರಲಿಲ್ಲ ಯಶೋದಮ್ಮನೋರೆ. ಆವತ್ತು ಹಾಕಿದ್ರೂ ಬಹುಶಃ ಹೀಗೇ ಆಗ್ತಿತ್ತು" ಎಂದರು. ನನಗೆ ಜೀವ ಬಂದಂತಾಯಿತು. ಅವರು ಮಾತು ಮುಗಿಸಿರಲಿಲ್ಲ. "ಆದ್ರೆ ಫೋನು ಎತ್ತದೆ ಇದ್ದಾಗ ಇದು ನಿಮಗೆ ಗೊತ್ತಿತ್ತಾ?"

ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೂ ಎತ್ತುತ್ತಿರಲಿಲ್ಲ. ಅವರು ನನಗೆ ನೋಟಿಸು ಕೊಡಲಿಲ್ಲ. ಕೊಟ್ಟಿದ್ದರೆ ಹಗುರವಾಗುತ್ತಿತ್ತೇನೋ.

ಅಷ್ಟರಲ್ಲಿ ಹಳ್ಳಿಗಳ ಬಣ್ಣವೇ ಬದಲಾಗಿತ್ತು. ದಿನಕ್ಕೊಂದು ಸಾವಿನ ಸುದ್ದಿ ಕೇಳಿ ಜನ ಹೆದರಿದ್ದರು. ಹದಿನೆಂಟು ದಾಟಿದವರಿಗೂ ಲಸಿಕೆ ಎಂದಾದ ಮೇಲೆ ಮೊಬೈಲಿನಲ್ಲಿ ಯಾರು ಎಲ್ಲಿ ಬೇಕಾದರೂ ಜಾಗ ಹಿಡಿಯಬಹುದಾಗಿತ್ತು. ಒಂದು ಬೆಳಿಗ್ಗೆ ನಮ್ಮ ಶಾಲೆಯ ಮುಂದೆ ಸಾಲಾಗಿ ಕಾರುಗಳು ನಿಂತಿದ್ದವು. ಬೆಂಗಳೂರಿನಿಂದ ಬಂದವರು. ಅವರ ಹೆಸರೆಲ್ಲ ನನ್ನ ಪಟ್ಟಿಯಲ್ಲಿದ್ದವು, ನಮ್ಮೂರಿನವರದು ನಾಲ್ಕೋ ಐದೋ. ಊರಿನ ಗಂಡಸರು ಗೇಟಿನ ಹೊರಗೆ ಗುಂಪುಗಟ್ಟಿದರು. ಅವರ ಮುಂದೆ ನಿಂತು ಕೂಗುತ್ತಿದ್ದವನು, ತನ್ನ ಪಾಲನ್ನು ನನಗೇ ಬಿಟ್ಟುಕೊಟ್ಟಿದ್ದ ಅದೇ ಪಿಳ್ಳಪ್ಪ.

"ನಮ್ಮೂರ ಸೂಜಿ ಕಾರ್ನೋರಿಗೆ ಹೆಂಗೆ ಕೊಡ್ತೀರ್ರೀ? ನಾವೇನು ಮನುಷ್ಯರಲ್ವಾ?"

"ಮೂರು ತಿಂಗಳಿಂದ ನಿಮ್ಮ ಜಗಲಿ ಹತ್ರ ಬಂದು ಕೇಳಿದ್ನಲ್ಲಪ್ಪ" ಎಂದೆ.

"ಆವಾಗ ಯಾರೂ ಹಾಕಿಸ್ಕೊಳ್ತಿರ್ಲಿಲ್ಲ. ಈಗ ಅವ್ರು ಹಾಕಿಸ್ಕೊಳ್ತಾವ್ರಲ್ಲ!"

ಗುಂಪಿನಲ್ಲಿ ಕೆಲವರು ನಕ್ಕರು. ನಾನು ನಗಲಿಲ್ಲ. ತನಗೆ ಬೇಡವಾಗಿದ್ದನ್ನು ಬೇರೆಯವರು ಒಯ್ಯುತ್ತಿದ್ದಾರೆಂದು ಅವನ ಕುತ್ತಿಗೆಯ ನರ ಉಬ್ಬಿತ್ತು. ನಾನೂ ಕಲ್ಲುಕೆಲಸದ ಓಣಿಗೆ ಮೂರು ಸಲ ಹೋಗಿ ಬಂದು, ಹಾಳಾಗಲಿ ಎಂದು ಕೈಬಿಟ್ಟಿದ್ದೆ. ಗಂಗರತ್ನ ಅದನ್ನು ಗೆದ್ದ ಮೇಲೆಯೇ ಅದು ನನ್ನದು ಎನಿಸಿದ್ದು. ಪಿಳ್ಳಪ್ಪ ಕೂಗುತ್ತಲೇ ಇದ್ದ. ಮರುದಿನದಿಂದ ಡಾಕ್ಟರು ಊರಿನವರಿಗೆಂದು ಬೇರೆ ಟೋಕನ್ನು ಮಾಡಿಸಿಕೊಟ್ಟರು. ಪಿಳ್ಳಪ್ಪನ ಕೈಗೆ ಮೊದಲನೆಯದು ಸಿಕ್ಕಿತು. ಚುಚ್ಚುವಾಗ ಕಣ್ಣು ಮುಚ್ಚಿಕೊಂಡು ದೇವರ ಹೆಸರೆಲ್ಲ ಹೇಳಿದ.

ಎಲ್ಲ ಹಳ್ಳಿಗಳೂ ಬಂದವು, ಕಲ್ಲುಕೆಲಸದ ಓಣಿಯೊಂದು ಬರಲಿಲ್ಲ. ಗಂಗರತ್ನ ಹೋದರೂ ಬಾಗಿಲು ತೆರೆಯುತ್ತಿರಲಿಲ್ಲ. ಒಂದು ದಿನ ಅವಳಿಗೆ ಏನೂ ಹೇಳದೆ ನಾನೊಬ್ಬಳೇ ಅಲ್ಲಿಗೆ ಹೋದೆ. ಚಪ್ಪರದ ಕೆಳಗೆ ಏಳೆಂಟು ಜನ ಕೆಲಸ ಮಾಡುತ್ತಿದ್ದರು. ಪಾಪಮ್ಮ ಹೊಸಿಲ ಮೇಲೆ ಕೂತು ಅಕ್ಕಿ ಆರಿಸುತ್ತಿದ್ದರು.

"ಆವತ್ತು ದಿನ ತಪ್ಪು ಹೇಳಿದ್ದು ಗಂಗರತ್ನ ಅಲ್ಲ" ಎಂದೆ. ದನಿ ನನ್ನದೇ ಅನಿಸಲಿಲ್ಲ. "ಅವಳು ಸರಿಯಾಗೇ ಹೇಳಿದ್ಲು. ಔಷಧಿ ನನ್ನ ಹತ್ರ ಇತ್ತು. ನಾನೇ ಬೇರೆ ಊರಿಗೆ ತಗೊಂಡೋದೆ. ಮೂರು ಸಲ ಫೋನ್ ಮಾಡಿದ್ಲು, ನಾನೇ ಎತ್ತಲಿಲ್ಲ."

ಉಳಿಯ ಸದ್ದು ನಿಂತಿತು. "ಯಾಕೆ?" ಎಂದ ಶಿವಣ್ಣ.

"ನೀವೆಲ್ಲ ಅವಳ ಮಾತು ಕೇಳ್ತೀರಿ, ನನ್ನ ಮಾತು ಕೇಳಲ್ಲ ಅಂತ."

ಶಿವಣ್ಣ ಸುತ್ತಿಗೆಯನ್ನು ನೆಲಕ್ಕೆ ಎಸೆದು ಎದ್ದ. "ನಮ್ಮಪ್ಪ ಹೋದ್ರಲ್ರೀ! ಇಷ್ಟಕ್ಕೋಸ್ಕರಾನಾ? ಹೋಗ್ರೀ ಇಲ್ಲಿಂದ. ಇನ್ನೊಂದ್ಸಲ ಈ ಓಣೀಲಿ ಕಾಣಿಸ್ಕೋಬೇಡಿ."

ಪಾಪಮ್ಮ ತಲೆ ಎತ್ತಲಿಲ್ಲ. ಅವರ ಬೆರಳು ಅಕ್ಕಿಯಲ್ಲೇ ಇತ್ತು, ಅಲುಗುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನು, ಒಂದು ಡೋಸಿನಿಂದ ಏನೂ ಆಗುತ್ತಿರಲಿಲ್ಲ ಎಂಬುದನ್ನು, ಅಲ್ಲಿ ಹೇಳಬೇಕೆಂದು ನಾಲಿಗೆಯ ತುದಿಯವರೆಗೂ ಬಂತು. ಹೇಳಲಿಲ್ಲ. ಆ ದಿನ ನಾನು ಮಾಡಿದ ಒಂದು ಒಳ್ಳೆಯ ಕೆಲಸವೆಂದರೆ ಅದೇ.

ಒಂದು ವಾರದ ಮೇಲೆ ಗಂಗರತ್ನ ಉಪಕೇಂದ್ರಕ್ಕೆ ಬಂದು ನನ್ನೆದುರು ಕೂತಳು. "ಪಾಪಮ್ಮನೋರು ಬರಕ್ಕೆ ಹೇಳಿದ್ರು ಸಿಸ್ಟರ್. ದಿನ ತಪ್ಪು ಹೇಳಿದ್ದು ನಾನಲ್ಲ ಅಂತ ಈಗ ಗೊತ್ತಾಯ್ತಂತೆ. ಓಣಿಯೋರು ಎಲ್ಲಾರೂ ಹಾಕಿಸ್ಕೊಳ್ತಾರಂತೆ. ಶಿವಣ್ಣಾನೂವೆ."

ನನಗೆ ನಂಬಿಕೆಯಾಗಲಿಲ್ಲ. "ನಾನು ಹಾಕಿದ್ರೆ?"

"ನೀವೇ ಹಾಕ್ಬೇಕಲ್ಲ, ನಾನು ಹಾಕೋ ಹಂಗಿಲ್ವಲ್ಲ. ಆದ್ರೆ ನಾನು ಪಕ್ಕದಲ್ಲಿರ್ಬೇಕಂತೆ."

ರಿಜಿಸ್ಟರಿನಲ್ಲಿ ಓಣಿಯ ಹೆಸರು ಬರೆದುಕೊಂಡೆ. ಕೊನೆಗೆ ನಾನು ಕೇಳಿದೆ, "ಆವತ್ತು ನಾನು ಬೇಕಂತ ಬರಲಿಲ್ಲ ಅಂತ ನಿನಗೆ ಗೊತ್ತಿತ್ತಾ?"

"ಗೊತ್ತಿತ್ತು. ಎರಡನೇ ಸಲ ಫೋನ್ ಎತ್ತದೆ ಇದ್ದಾಗ್ಲೇ ಗೊತ್ತಾಯ್ತು."

"ಮತ್ತೆ ತಪ್ಪು ನಿಂದೇ ಅಂತ ಯಾಕೆ ಹೇಳ್ದೆ?"

"ನಿಮ್ಮ ಹೆಸರು ಕೆಟ್ರೆ ನಾಳೆ ಆ ಓಣೀಲಿ ಕೂಸುಗಳಿಗೂ ಸೂಜಿ ಹಾಕಿಸ್ತಿರ್ಲಿಲ್ಲ ಸಿಸ್ಟರ್. ನನ್ನ ಹೆಸರು ಕೆಟ್ರೆ ನಂದೊಬ್ಬಳದೇ." ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ನನಗೂ ನಿಮ್ಮ ಮೇಲೆ ಹೊಟ್ಟೆ ಉರೀತಿತ್ತು. ನಿಮಗೆ ಗೊತ್ತಿಲ್ಲ. ನರ್ಸಿಂಗ್ ಮಾಡ್ಬೇಕು ಅಂತ ನನಗೆ ಎಷ್ಟಾಸೆ ಇತ್ತು. ಮದುವೆ ಮಾಡಿದ್ರು. ಹತ್ತು ವರ್ಷ ನಿಮ್ಮ ಹಿಂದೆ ಬಂದೆ, ಕೂಸಿನ ಕಾಲು ಹಿಡ್ಕೊಂಡೆ, ಸೂಜಿ ಮಾತ್ರ ಯಾವತ್ತೂ ನಿಮ್ಮ ಕೈಲೇ ಇರ್ತಿತ್ತು. ನಾನು ಕರ್ಕೊಂಡ್ ಬಂದ ಜನಾನೂ ಕೊನೇಗೆ ನಿಮ್ಮ ರಿಪೋರ್ಟಲ್ಲೇ ಬರ್ತಿದ್ರು."

ಹತ್ತು ವರ್ಷ ಜೊತೆಗೆ ನಡೆದವಳು. ಒಂದು ದಿನವೂ ನಾನು ಹಿಂದಿರುಗಿ ಅವಳ ಮುಖ ನೋಡಿರಲಿಲ್ಲ. ತಪ್ಪಾಯಿತು ಎಂದೆ. ಅವಳು ಪರವಾಗಿಲ್ಲ ಎನ್ನಲಿಲ್ಲ. "ನಾಳೆ ಒಂಬತ್ತಕ್ಕೆ ಬನ್ನಿ, ತಡ ಮಾಡ್ಬೇಡಿ" ಎಂದು ಎದ್ದು ಹೋದಳು.

ಮಾರನೆಯ ದಿನ ಎಂಟೂವರೆಗೇ ಹೋದೆ. ಚಪ್ಪರದ ಕೆಳಗೆ ಅದೇ ಬೆಂಚು. ಜ್ವರ ಬರುತ್ತದೆ, ತೋಳು ನೋಯುತ್ತದೆ ಎಂದು ಒಬ್ಬೊಬ್ಬರಿಗೂ ನಾನೇ ಹೇಳಿದೆ. ಅವರು ಕೇಳಿಸಿಕೊಂಡರು, ಆದರೆ ಯಾರೂ ನನ್ನ ಕಡೆ ನೋಡಲಿಲ್ಲ. ಸೂಜಿ ಒಳಗೆ ಹೋಗುವಾಗ ಒಬ್ಬೊಬ್ಬರ ಕಣ್ಣೂ ಪಕ್ಕದಲ್ಲಿ ನಿಂತ ಗಂಗರತ್ನಳ ಮೇಲೆಯೇ ಇತ್ತು. ಪಾಪಮ್ಮ ಅವಳ ಕೈ ಹಿಡಿದುಕೊಂಡರು. ಶಿವಣ್ಣ ಮಾತ್ರ ಹಲ್ಲು ಕಚ್ಚಿ ಗೋಡೆ ನೋಡುತ್ತಾ ಹಾಕಿಸಿಕೊಂಡ. ಇಪ್ಪತ್ತಾರು ತೋಳುಗಳು. ಒಂದು ಮುಖವೂ ನನಗೆ ಸಿಗಲಿಲ್ಲ. ಅಷ್ಟೆಲ್ಲ ಆದ ಮೇಲೂ, ನಾಚಿಕೆಯ ಅಡಿಯಲ್ಲಿ, ಆ ಹಳೆಯ ಉರಿ ಇತ್ತು. ಅದು ಹೋಗಿಬಿಡುತ್ತದೆ ಎಂದು ಈ ಕೆಲಸಕ್ಕೆ ಬರುವ ನಿಮಗೆ ನಾನು ಹೇಳಲಾರೆ. ಫೋನು ಬಡಿದಾಗ ಆ ಉರಿಯನ್ನು ಪಕ್ಕಕ್ಕಿಟ್ಟು ಫೋನಿಗೆ ಕೈ ಚಾಚಬಹುದು, ಅಷ್ಟೇ ನಾನು ಕಂಡದ್ದು.

ಎರಡನೆಯ ಡೋಸಿಗೆ ಓಣಿಗೆ ಹೋದದ್ದು ಗಣೇಶನ ಹಬ್ಬದ ಹೊತ್ತಿಗೆ. ನನ್ನ ನಿವೃತ್ತಿಗೆ ಕೆಲವೇ ತಿಂಗಳು ಉಳಿದಿದ್ದವು. ಪಾಪಮ್ಮ ಬಂದು ನನ್ನೆದುರಿನ ಬೆಂಚಿನ ಮೇಲೆ ಕೂತರು. ಗಂಗರತ್ನ ಚಪ್ಪರದ ಆ ತುದಿಯಲ್ಲಿ ಯಾರದೋ ಹೆಸರು ಹತ್ತಿಸುತ್ತಿದ್ದಳು. ಅವಳು ಬರಲಿ ಎಂದು ನಾನು ಸೂಜಿ ಹಿಡಿದು ಕಾದೆ.

"ಯಾಕೆ ಕೂತಿದ್ದೀಯ? ಹಾಕು" ಎಂದರು ಪಾಪಮ್ಮ. ನೇರವಾಗಿ ನನ್ನ ಮುಖವನ್ನೇ ನೋಡುತ್ತಿದ್ದರು. ಆ ನೋಟದಲ್ಲಿ ಕ್ಷಮೆಯೇನೂ ಇರಲಿಲ್ಲ. "ಎಡಗೈಗೆ ಹಾಕು. ಬಲಗೈ ನೋವಾದ್ರೆ ರಾಗಿಮುದ್ದೆ ತಿರುವಕ್ಕಾಗಲ್ಲ."

ಎಡಗೈಗೆ ಹಾಕಿದೆ. ಹತ್ತಿ ಒತ್ತಿ ಹಿಡಿದೆ. ಆಮೇಲೆ, ತಡೆಯಲಾಗದೆ, ಗಂಗರತ್ನ ಇದನ್ನು ನೋಡಿದಳೇ ಎಂದು ಆ ಕಡೆ ತಿರುಗಿದೆ. ಅವಳು ತಲೆ ಬಗ್ಗಿಸಿಕೊಂಡು ಮೊಬೈಲಿನಲ್ಲಿ ಮುಂದಿನವರ ಹೆಸರು ಹೊಡೆಯುತ್ತಿದ್ದಳು.